ಬೇಸಗೆಗೆ ಮುನ್ನ ತೆನೆ: ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳ

ಮೆಕ್ಕೆಜೋಳ ಬಿಸಿ ನಾಡಿನ ಹುಲ್ಲು. ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಪಡೆದ ಬೆಳೆ ಅದು. ಹಾಗಿದ್ದ ಮೇಲೆ ಅಮೆರಿಕದಲ್ಲಿ ಅದರ ತವರು ಜಾರ್ಜಿಯಾ, ಅಲಬಾಮಾ, ಲೂಸಿಯಾನಾ, ಟೆಕ್ಸಾಸ್‌ನಂಥ ಬೆಚ್ಚನೆಯ ರಾಜ್ಯಗಳಾಗಬೇಕಿತ್ತೆಂದು ನಿಮಗೆ ಅನ್ನಿಸಬಹುದು. ಆದರೆ ಚಳಿಗಾಲವಿಡೀ ನೆಲ ಹೆಪ್ಪುಗಟ್ಟಿಕೊಂಡಿರುವ ಅಯೋವಾದಲ್ಲಿ ಈಚಿನ ವರ್ಷಗಳ ಸರಾಸರಿ ಇಳುವರಿ ಎಕರೆಗೆ 200 ಬುಷೆಲ್‌ನ ಆಚೀಚೆ ನಿಂತಿದೆ. ಮಳೆಯನ್ನೇ ನಂಬಿದ ದಕ್ಷಿಣದ ಹೊಲಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಬುಷೆಲ್ ಎಂದರೆ ಕಾಳಿನ ಲೆಕ್ಕದಲ್ಲಿ 56 ಪೌಂಡ್, ನಮ್ಮ ತೂಕದಲ್ಲಿ ಇಪ್ಪತ್ತೈದೂವರೆ ಕಿಲೋಗೆ ತುಸು ಕಡಿಮೆ. ಮುಂದೆ ಈ ಮಾತು ಪದೇ ಪದೇ ಬರುವುದರಿಂದ ಇದನ್ನು ನೆನಪಿನಲ್ಲಿಡಿ.

ದಕ್ಷಿಣದ ಹವೆಯಲ್ಲಿ ಮೆಕ್ಕೆಜೋಳವೇ ಆಗದು ಎಂಬುದು ನನ್ನ ಮಾತಿನ ಅರ್ಥವಲ್ಲ. 2014ರಲ್ಲಿ ಜಾರ್ಜಿಯಾದ ರ‍್ಯಾಂಡಿ ಡೌಡಿ ರಾಷ್ಟ್ರೀಯ ಇಳುವರಿ ಸ್ಪರ್ಧೆಯಲ್ಲಿ ಎಕರೆಗೆ 500 ಬುಷೆಲ್‌ನ ಗೆರೆ ದಾಟಿದರು. 2023ರಲ್ಲಿ ವರ್ಜೀನಿಯಾದ ಡೇವಿಡ್ ಹುಲಾ 623 ಬುಷೆಲ್ ಮೀರಿ ಬೆಳೆದು ತಮ್ಮದೇ ಹಳೆಯ ದಾಖಲೆಯನ್ನು ಮುರಿದರು. ಸ್ಪರ್ಧೆಯ ತುಂಡು ಹೊಲದ ಲೆಕ್ಕ ಇಡೀ ರಾಜ್ಯದ ಲೆಕ್ಕವಲ್ಲ, ನಿಜ. ಆದರೂ ಗಿಡಕ್ಕೆ ಅಲ್ಲಿ ಏನು ಸಾಧ್ಯ ಎಂಬುದನ್ನು ಅದು ತೋರಿಸುತ್ತದೆ. ಸಾಮಾನ್ಯ ರೈತನ ಕೈಗೆ ಅದು ಏಕೆ ಸಿಗುವುದಿಲ್ಲ, ಸಿಕ್ಕವರು ಏನು ಮಾಡುತ್ತಾರೆ ಎಂಬುದಷ್ಟೇ ಇಂದಿನ ನನ್ನ ಭಾಷಣದ ವಿಷಯ.

ಕಾರಣ ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು, ಸಹಿಸಿಕೊಳ್ಳಿ. ಈ ಬೆಳೆಯ ವಯಸ್ಸನ್ನು ದಿನಗಳಲ್ಲಿ ಎಣಿಸುವುದಕ್ಕಿಂತ ಶಾಖದಲ್ಲಿ ಎಣಿಸುವುದು ಸರಿ. ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನಗಳ ಸರಾಸರಿ ತೆಗೆದು ಅದರಲ್ಲಿ 10 ಡಿಗ್ರಿ ಸೆಲ್ಸಿಯಸ್ ಕಳೆದರೆ ಆ ದಿನದ ಶಾಖಾಂಶ ಸಿಗುತ್ತದೆ. ಒಂದು ಷರತ್ತಿದೆ: ಗರಿಷ್ಠ ಎಷ್ಟೇ ಇದ್ದರೂ 30 ಡಿಗ್ರಿಯ ಮೇಲಿನದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಏಕೆಂದರೆ ಅದಕ್ಕಿಂತ ಮೇಲಿನ ಬಿಸಿಲಿನಿಂದ ಗಿಡದ ಬೆಳವಣಿಗೆಗೆ ಯಾವ ಲಾಭವೂ ಇಲ್ಲ. ಈಗ ಕಾಳು ತುಂಬುವ ಹಂತಕ್ಕೆ ಸುಮಾರು 700 ಶಾಖಾಂಶ ಬೇಕೆಂದು ಇಟ್ಟುಕೊಳ್ಳಿ. ಉತ್ತರದ ಬಯಲಿನಲ್ಲಿ ಹಗಲು 28, ಇರುಳು 17 ಇರುವ ದಿನ ಸಿಗುವುದು 12.5 ಅಂಶ, ಕಾಳು ತುಂಬಲು 56 ದಿನ ಹಿಡಿಯುತ್ತದೆ. ದಕ್ಷಿಣದ ಜುಲೈನಲ್ಲಿ ಹಗಲು 35, ಇರುಳು 24 ಇದ್ದರೆ 17 ಅಂಶ ಸಿಕ್ಕಿ ನಲವತ್ತೊಂದೇ ದಿನಕ್ಕೆ ಕಾಳು ಬಲಿತುಬಿಡುತ್ತದೆ. ಬೇಗ ಬಲಿಯುವುದು ಒಳ್ಳೆಯದಲ್ಲವೇ ಎಂದರೆ ಅಲ್ಲ. ಕಾಳಿಗೆ ಪಿಷ್ಟ ಬರುವುದು ಎಲೆಗಳು ದಿನದಿನವೂ ಬಿಸಿಲಿನಿಂದ ಸಂಪಾದಿಸಿದ್ದರಿಂದ; ಸಂಪಾದನೆಯ ದಿನಗಳೇ ಹದಿನೈದು ಕಡಿಮೆಯಾದರೆ ಕಾಳು ಹಗುರಾಗುವುದು ಸಹಜ. 200 ಬುಷೆಲ್‌ನ ಬೆಳೆ ಕಾಳು ತುಂಬುವ ಕಾಲದಲ್ಲಿ ದಿನಕ್ಕೆ ಮೂರೂವರೆ ಬುಷೆಲ್‌ನಷ್ಟು ತೂಕ ಕೂಡಿಸಿಕೊಳ್ಳುತ್ತದೆ ಎಂದುಕೊಂಡರೆ, ಹೋದ ಒಂದೊಂದು ದಿನದ ಬೆಲೆ ನಿಮಗೇ ತಿಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಇರುಳಿನ ಸೆಕೆ. ಗಿಡ ಹಗಲು ದುಡಿದದ್ದನ್ನು ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ, ಶಾಖ ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತದೆ. 1971ರಲ್ಲಿ ಪ್ರಕಟವಾದ ಇಲಿನಾಯ್ಸ್‌ನ ಒಂದು ಪ್ರಯೋಗದಲ್ಲಿ ಹೊಲದ ಗಿಡಗಳನ್ನೇ ಮರೆಮಾಡಿ ರಾತ್ರಿಯ ಹೊತ್ತು ಮಾತ್ರ ಬಿಸಿ ಮಾಡಿದರು. ಸುಮಾರು 18 ಡಿಗ್ರಿಯ ಸಹಜ ಇರುಳಿನಲ್ಲಿ ಎಕರೆಗೆ 168 ಬುಷೆಲ್ ಕೊಟ್ಟ ಬೆಳೆ, 29 ಡಿಗ್ರಿಯ ಇರುಳುಗಳಲ್ಲಿ 100 ಬುಷೆಲ್‌ಗೆ ಇಳಿಯಿತು. ಹಗಲು ಎರಡಕ್ಕೂ ಒಂದೇ, ಮಣ್ಣು ಒಂದೇ, ತಳಿ ಒಂದೇ. ದಕ್ಷಿಣದ ಕರಾವಳಿಯಲ್ಲಿ ಜುಲೈ ತಿಂಗಳ ಮಧ್ಯರಾತ್ರಿ ಹೊರಗೆ ನಿಂತವರಿಗೆ, ಒದ್ದೆ ಬಟ್ಟೆಯನ್ನು ಮೈಗೆ ಸುತ್ತಿದಂಥ ಆ ಸೆಕೆಯಲ್ಲಿ, ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಆದುದರಿಂದ ಅಲ್ಲಿನ ಜಾಣ ಬೇಸಾಯಗಾರ ಬೇಸಗೆಯನ್ನು ಬಳಸಿಕೊಳ್ಳಲು ನೋಡುವುದಿಲ್ಲ. ಅದು ಬರುವಷ್ಟರಲ್ಲಿ ತನ್ನ ಕೆಲಸ ಮುಗಿಸಲು ನೋಡುತ್ತಾನೆ. ಟೆಕ್ಸಾಸ್‌ನ ತೆಂಕಣ ತುದಿಯ ರಿಯೊ ಗ್ರಾಂಡೆ ಕಣಿವೆಯಲ್ಲಿ ಫೆಬ್ರವರಿಯಲ್ಲೇ ಬಿತ್ತುತ್ತಾರೆ; ಲೂಸಿಯಾನಾ ಮತ್ತು ದಕ್ಷಿಣ ಜಾರ್ಜಿಯಾದಲ್ಲಿ ಫೆಬ್ರವರಿಯ ಕೊನೆಯಿಂದ ಮಾರ್ಚ್‌ವರೆಗೆ. ಅಯೋವಾದ ರೈತ ಆಗಿನ್ನೂ ಟ್ರ್ಯಾಕ್ಟರನ್ನು ಷೆಡ್ಡಿನಿಂದ ಹೊರಗೆ ತಂದಿರುವುದಿಲ್ಲ. ಬಿತ್ತುವ ದಿನವನ್ನು ತೀರ್ಮಾನಿಸಬೇಕಾದ್ದು ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲ, ಮಣ್ಣಿಗೆ ಚುಚ್ಚಿದ ಥರ್ಮಾಮೀಟರು. ಎರಡು ಅಂಗುಲ ಆಳದ ಮಣ್ಣು ಬೆಳಗಿನ ಹೊತ್ತಿನಲ್ಲಿ ಮೂರು ದಿನ ಸತತವಾಗಿ 13 ಡಿಗ್ರಿಯ ಆಸುಪಾಸು ಇದ್ದು, ಮುಂದಿನ ವಾರ ಥಂಡಿಯ ಮುನ್ಸೂಚನೆ ಇಲ್ಲದಿದ್ದರೆ ಬಿತ್ತಬಹುದು. 10 ಡಿಗ್ರಿಗಿಂತ ಕೆಳಗೆ ಬೀಜ ನೀರು ಕುಡಿದು ಸುಮ್ಮನೆ ಕೂರುತ್ತದೆ, ಕೊಳೆಯುವ ಶಿಲೀಂಧ್ರಗಳು ಮಾತ್ರ ಸುಮ್ಮನೆ ಕೂರುವುದಿಲ್ಲ.

ಇಷ್ಟು ಬೇಗ ಬಿತ್ತಿದರೆ ಮಂಜು ಹೆಪ್ಪುಗಟ್ಟಿ ಎಳೆಯ ಪೈರು ಸುಟ್ಟುಹೋಗದೇ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಎಲೆ ಸುಡುತ್ತದೆ, ಪೈರು ಸಾಯುವುದು ಅಪರೂಪ. ಐದಾರು ಎಲೆಗಳು ಪೂರ್ತಿ ಬಿಚ್ಚಿಕೊಳ್ಳುವವರೆಗೂ ಮೆಕ್ಕೆಜೋಳದ ಬೆಳೆಯುವ ಸುಳಿ ನೆಲದ ಕೆಳಗೇ ಇರುತ್ತದೆ. ಮಂಜು ಬಿದ್ದ ಮಾರನೆಯ ಬೆಳಿಗ್ಗೆ ಹೊಲವೆಲ್ಲ ಬೆಂದ ಸೊಪ್ಪಿನಂತೆ ಕಪ್ಪಾಗಿ ಮಲಗಿರುತ್ತದೆ. ಆ ದಿನವೇ ಹೋಗಿ ನೋಡುವವರು ಮರುಬಿತ್ತನೆಗೆ ಬೀಜ ಕೊಳ್ಳಲು ಓಡುತ್ತಾರೆ. ನಾನೂ ಒಮ್ಮೆ ಹಾಗೆಯೇ ಅವಸರ ಮಾಡಿ, ಬದುಕಿದ್ದ ಒಂದು ತುಂಡು ಪೈರನ್ನು ಉಳಿಸಿ, ಪಕ್ಕದ್ದನ್ನು ಅಳಿಸಿ ಮತ್ತೆ ಬಿತ್ತಿಸಿದೆ. ಐದಾರು ದಿನ ಕಾದು, ಗಿಡವನ್ನು ಬುಡದಿಂದ ಕಿತ್ತು ಉದ್ದಕ್ಕೆ ಸೀಳಿ ನೋಡಿದ್ದರೆ ಸಾಕಿತ್ತು: ಒಳಗಿನ ಸುಳಿ ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಬದುಕಿದೆ, ಕಂದಾಗಿ ಮೆದುವಾಗಿದ್ದರೆ ಇಲ್ಲ. ಮರುಬಿತ್ತಿದ ತುಂಡು ಮೂರು ವಾರ ತಡವಾಗಿ ತೆನೆ ಬಿಟ್ಟು, ಸುಟ್ಟುಹೋಗಿತ್ತೆಂದುಕೊಂಡ ತುಂಡಿಗಿಂತ ಕಡಿಮೆಯೇ ಕೊಟ್ಟಿತು.

ಇನ್ನು ಪರಾಗದ ವಿಷಯ. ಇಡೀ ಬೆಳೆಯ ಹಣೆಬರಹ ಹತ್ತು ದಿನಗಳಲ್ಲಿ ತೀರ್ಮಾನವಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಗಿಡದ ನೆತ್ತಿಯ ಸೂಲಂಗಿಯಿಂದ ಪರಾಗ ಉದುರುತ್ತದೆ. ನಡುವಿನ ತೆನೆಯ ಒಂದೊಂದು ಕಾಳಿಗೂ ಒಂದೊಂದು ರೇಷ್ಮೆ ಎಳೆ ಮುಸುಕಿನ ತುದಿಯಿಂದ ಹೊರಗೆ ಬರುತ್ತದೆ. ಎಳೆ ಪರಾಗವನ್ನು ಹಿಡಿದ ಮೇಲೆ ಸುಮಾರು ಒಂದು ದಿನದಲ್ಲಿ ಪರಾಗನಾಳ ಅದರೊಳಗೇ ಇಳಿದು ಕಾಳಿನ ಬುಡ ಮುಟ್ಟುತ್ತದೆ. ಪರಾಗ ಉದುರುವುದು ಹೆಚ್ಚಾಗಿ ಬೆಳಗಿನ ಹೊತ್ತು, ಇಬ್ಬನಿ ಆರಿದ ಮೇಲೆ. ಹೀಗಾಗಿ ಮಧ್ಯಾಹ್ನದ 37-38 ಡಿಗ್ರಿಯ ಬಿಸಿಲು ಅಂದಿನ ಪರಾಗವನ್ನು ಕೊಂದರೂ, ನಾಳೆ ಬೆಳಿಗ್ಗೆ ಹೊಸದು ಬರುತ್ತದೆ. ಬರಿಯ ಬಿಸಿಲಿನಿಂದ ಪರಾಗ ಸಾಲದೆ ಬೆಳೆ ಹೋಯಿತೆಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೀರಿನ ಕೊರತೆಯೂ ಸೇರಿದಾಗ ನಿಜವಾದ ಪೆಟ್ಟು ಬೀಳುತ್ತದೆ: ರೇಷ್ಮೆ ಎಳೆಗಳು ನೀರು ತುಂಬಿಕೊಂಡು ಉದ್ದವಾಗುವಂಥವು, ನೀರಿಲ್ಲದಿದ್ದರೆ ಅವು ತಡವಾಗುತ್ತವೆ, ಸೂಲಂಗಿ ಮಾತ್ರ ತನ್ನ ಹೊತ್ತಿಗೆ ಉದುರಿಸಿ ಮುಗಿಸುತ್ತದೆ. ಗಂಡು ಹೂ ಬಂದು ಹೋದ ಮೇಲೆ ಹೆಣ್ಣು ಹೂ ಬಂದಂತೆ. ತೆನೆಯ ಬುಡದ ಎಳೆಗಳು ಮೊದಲು ಹೊರಬರುವುದರಿಂದ ಅಲ್ಲಿ ಕಾಳು ಕಟ್ಟಿರುತ್ತದೆ, ತುದಿ ಬೋಳಾಗಿರುತ್ತದೆ.

ಕಾಳು ಕಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಸೂಲಂಗಿ ಬಂದ ಒಂದು ವಾರದ ಮೇಲೆ ಹೊಲದ ಒಳಸಾಲಿನಿಂದ, ಬದುವಿನದ್ದಲ್ಲ, ನಾಲ್ಕೈದು ತೆನೆ ಕಿತ್ತು ತನ್ನಿ. ಚಾಕುವಿನಿಂದ ಮುಸುಕನ್ನು ಬುಡದ ಸುತ್ತ ಒಂದು ಸುತ್ತು ಕೊಯ್ದು, ಒಳಗಿನ ಎಳೆಗಳು ಹರಿಯದಂತೆ ಒಂದೊಂದೇ ಪದರ ಬಿಚ್ಚಿ. ಎಳೆಗಳು ದಿಂಡಿಗೆ ಒದ್ದೆ ಕೂದಲಿನಂತೆ ಅಂಟಿಕೊಂಡಿರುತ್ತವೆ. ಈಗ ತೆನೆಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಗರ್ಭ ಕಟ್ಟಿದ ಕಾಳಿನ ಎಳೆ ಎರಡು ಮೂರು ದಿನಗಳಲ್ಲಿ ಬುಡದಿಂದ ಕಳಚಿಕೊಂಡಿರುತ್ತದೆ, ಅಲುಗಾಡಿಸಿದಾಗ ಉದುರಿಬಿಡುತ್ತದೆ. ಕಟ್ಟದ್ದು ಗಟ್ಟಿಯಾಗಿ ಅಂಟಿ ನಿಂತಿರುತ್ತದೆ. ನೂರಕ್ಕೆ ತೊಂಬತ್ತು ಎಳೆ ಉದುರಿದರೆ ಮೇಲುಗೊಬ್ಬರಕ್ಕೂ ಔಷಧಿಗೂ ಇನ್ನಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿದೆ. ಅರ್ಧವೂ ಉದುರದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಹತ್ತು ನಿಮಿಷದ ಈ ಕೆಲಸವನ್ನು ಮಾಡದೆ ಸಾವಿರಾರು ಡಾಲರ್ ಸುರಿದವರನ್ನು ಕಂಡಿದ್ದೇನೆ.

ನೀರು ಎಂದೆ. ದಕ್ಷಿಣದಲ್ಲಿ ಮಳೆ ಕಡಿಮೆಯೇನಲ್ಲ; ಜಾರ್ಜಿಯಾದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1,200 ಮಿಲಿಮೀಟರ್ ಬೀಳುತ್ತದೆ. ತೊಂದರೆ ಇರುವುದು ಅದನ್ನು ಹಿಡಿದಿಡುವ ಮಣ್ಣಿನಲ್ಲಿ. ಕರಾವಳಿ ಬಯಲಿನ ಮರಳುಮಣ್ಣು ಒಂದಡಿ ಆಳಕ್ಕೆ ಬೆಳೆಗೆ ದಕ್ಕುವಂಥ ನೀರನ್ನು ಒಂದು ಅಂಗುಲದಷ್ಟು ಮಾತ್ರ ಇಟ್ಟುಕೊಳ್ಳುತ್ತದೆ. ಬೇರು ಎರಡಡಿ ಇಳಿದಿದೆ ಎನ್ನಿ: ಒಟ್ಟು ಸುಮಾರು 50 ಮಿಲಿಮೀಟರ್. ಅದರಲ್ಲಿ ಅರ್ಧ ಖಾಲಿಯಾದೊಡನೆ ಗಿಡ ಬಳಲಲು ತೊಡಗುತ್ತದೆ. ರೇಷ್ಮೆ ಎಳೆ ಬರುವ ಕಾಲದಲ್ಲಿ ಬೆಳೆ ದಿನಕ್ಕೆ 8 ಮಿಲಿಮೀಟರ್ ಕುಡಿಯುತ್ತದೆ. ಭಾಗಿಸಿ ನೋಡಿದರೆ ಮೂರು ದಿನ. ಮೂರು ದಿನ ಮಳೆ ಬಾರದಿದ್ದರೆ ಆ ಹೊಲ ಬರಗಾಲದಲ್ಲಿದೆ, ಅಷ್ಟೇ. ಇದಕ್ಕಾಗಿಯೇ ಅಲ್ಲಿ ವ್ಯಾಪಾರಕ್ಕೆಂದು ಮೆಕ್ಕೆಜೋಳ ಬೆಳೆಯುವವರು ಹೊಲದ ನಡುವಿನ ಗೂಟವನ್ನು ಸುತ್ತುವ ಸೆಂಟರ್ ಪಿವಟ್ ನೀರಾವರಿಯನ್ನು ಅವಲಂಬಿಸುತ್ತಾರೆ. ಫ್ರಾಂಕ್ ಜೈಬಾಕ್ ಎಂಬ ರೈತನಿಗೆ 1952ರಲ್ಲಿ ಪೇಟೆಂಟ್ ಸಿಕ್ಕ ಈ ಯಂತ್ರ ಹುಟ್ಟಿದ್ದು ಮಳೆ ಕಡಿಮೆಯಿರುವ ಪಶ್ಚಿಮದ ಬಯಲಿಗೆಂದು. ಮಳೆ ಧಾರಾಳವಾಗಿ ಬೀಳುವ ನಾಡಿನಲ್ಲಿ ಅದು ಅನಿವಾರ್ಯವಾದದ್ದು ಮರಳಿನ ದೆಸೆಯಿಂದ.

ಬೇರು ಎರಡಡಿ ಇಳಿದಿದೆ ಎಂದು ಸಲೀಸಾಗಿ ಹೇಳಿಬಿಟ್ಟೆ, ಆದರೆ ಇಳಿಯಲು ದಾರಿ ಬೇಕಲ್ಲ. ಆ ಬಯಲಿನ ಹೊಲಗಳಲ್ಲಿ ಒಂದು ಕಬ್ಬಿಣದ ಸರಳನ್ನು ಕೈಯಿಂದ ನೆಲಕ್ಕೆ ಒತ್ತಿದರೆ ಎಂಟು ಹತ್ತು ಅಂಗುಲ ಬೆಣ್ಣೆಯಲ್ಲಿ ಇಳಿದಂತೆ ಇಳಿದು, ಆಮೇಲೆ ಥಟ್ಟನೆ ನಿಲ್ಲುತ್ತದೆ. ಮರಳಿನ ಕಣಗಳು ಒತ್ತೊತ್ತಾಗಿ ಕೂತು ಆದ ಗಟ್ಟಿ ಪದರ ಅದು. ಬೇರುಗಳು ಅಲ್ಲಿಗೆ ತಲುಪಿ ಅಡ್ಡಕ್ಕೆ ತಿರುಗುತ್ತವೆ. ಕಿತ್ತು ನೋಡಿದರೆ ಕುಂಡದಲ್ಲಿ ಬೆಳೆದ ಗಿಡದ ಬೇರಿನಂತಿರುತ್ತವೆ. ಆದ್ದರಿಂದ ಇಡೀ ಹೊಲ ಉಳದೆ, ಸಾಲು ಬೀಳುವ ಜಾಗದಲ್ಲಷ್ಟೇ ಒಂದಡಿಗೂ ಆಳಕ್ಕೆ ಗುಳ ಇಳಿಸಿ ಪದರ ಸೀಳಿ, ಆ ಸೀಳಿನ ಮೇಲೆಯೇ ಬಿತ್ತುವ ಪದ್ಧತಿ ಅಲ್ಲಿ ಬೇರೂರಿದೆ. ಸೀಳಿನಿಂದ ಒಂದು ಗೇಣು ಆಚೆ ಬೀಜ ಬಿದ್ದರೂ ಪ್ರಯೋಜನವಿಲ್ಲ. ಉಪಗ್ರಹದ ಸಹಾಯದಿಂದ ಟ್ರ್ಯಾಕ್ಟರ್ ತನ್ನಷ್ಟಕ್ಕೆ ನೇರ ಸಾಗುವ ತಂತ್ರಜ್ಞಾನ ಬಂದಾಗ ದಕ್ಷಿಣದವರು ಅದನ್ನು ಬೇಗ ಒಪ್ಪಿಕೊಂಡದ್ದಕ್ಕೆ ಇಂಥ ಕಾರಣಗಳೂ ಉಂಟು.

ನೀರು ನಿಲ್ಲದ ಮಣ್ಣಿನಲ್ಲಿ ಸಾರಜನಕವೂ ನಿಲ್ಲದು. ಒಂದು ಬುಷೆಲ್‌ಗೆ 1.2 ಪೌಂಡ್‌ನಂತೆ 200 ಬುಷೆಲ್‌ಗೆ 240 ಪೌಂಡ್ ಸಾರಜನಕ ಬೇಕು ಎಂಬುದು ಅಲ್ಲಿಯ ಮರಳುಮಣ್ಣಿನ ಸ್ಥೂಲ ಲೆಕ್ಕ. ಅದನ್ನು ಬಿತ್ತುವಾಗಲೇ ಸುರಿದರೆ ಎರಡು ಜೋರು ಮಳೆಗೆ ಅಂತರ್ಜಲದ ಪಾಲಾಗುತ್ತದೆ. ಬಿತ್ತುವಾಗ ಸ್ವಲ್ಪ, ಗಿಡ ಮೊಣಕಾಲೆತ್ತರ ಬಂದಾಗ ದೊಡ್ಡ ಪಾಲು, ಸೂಲಂಗಿಯವರೆಗೆ ಪಿವಟ್‌ನ ನೀರಿನಲ್ಲೇ ಕರಗಿಸಿ ಉಳಿದದ್ದು, ಹೀಗೆ ಕಂತಿನಲ್ಲಿ ಕೊಡಬೇಕು. ಎಳೆಯ ಎಲೆಗಳ ಮೇಲೆ ಹಳದಿ ಪಟ್ಟೆ ಕಂಡರೆ ಗಂಧಕದ ಕೊರತೆಯನ್ನೂ ನೆನಪಿಸಿಕೊಳ್ಳಬೇಕು, ಅದೂ ಮರಳಿನಿಂದ ಬಸಿದು ಹೋಗುವಂಥದ್ದೇ.

ರೋಗದ ಮಾತಿಗೆ ಬಂದರೆ 1970ನೆಯ ಇಸವಿಯನ್ನು ಹೇಳದೆ ಮುಂದೆ ಹೋಗಲಾಗದು. ಸಂಕರ ಬೀಜ ತಯಾರಿಸುವಾಗ ಹೆಣ್ಣು ಸಾಲಿನ ಸೂಲಂಗಿಯನ್ನು ಕೈಯಿಂದ ಕೀಳಬೇಕಾಗುತ್ತದೆ, ಅದಕ್ಕೆ ಬೇಕಾದ ಆಳುಗಳು ಸಾವಿರಾರು. ಟೆಕ್ಸಾಸ್‌ನಲ್ಲಿ ಕಂಡುಬಂದ ಒಂದು ಬಗೆಯ ಕೋಶದ್ರವ್ಯ (ಜೀವಕೋಶದೊಳಗಿನ ದ್ರವ) ಇದ್ದ ಗಿಡಗಳಲ್ಲಿ ಪರಾಗವೇ ಆಗುತ್ತಿರಲಿಲ್ಲ. ಅದನ್ನು ಹೆಣ್ಣು ಸಾಲಿಗೆ ಸೇರಿಸಿದರೆ ಕೀಳುವ ಕೆಲಸವೇ ಇಲ್ಲ. ಬೀಜದ ಉದ್ಯಮ ಅದನ್ನು ಅಪ್ಪಿಕೊಂಡಿತು, 1970ರ ಹೊತ್ತಿಗೆ ಅಮೆರಿಕದ ಮೆಕ್ಕೆಜೋಳದ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಗಿಡಗಳಲ್ಲಿ ಅದೇ ಕೋಶದ್ರವ್ಯ. ಆ ಗಿಡಗಳಿಗೆ ಎಲೆ ಅಂಗಮಾರಿ ವಿಪರೀತವಾಗಿ ತಗಲುತ್ತದೆಂದು ಫಿಲಿಪೀನ್ಸ್‌ನಿಂದ 1961ರಲ್ಲೇ ಎಚ್ಚರಿಕೆಯ ಮಾತು ಬಂದಿತ್ತು. 1970ರ ಆರಂಭದಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಶಿಲೀಂಧ್ರದ ಹೊಸ ಬಗೆ, ಒದ್ದೆ ಗಾಳಿಯ ಬೆನ್ನೇರಿ ಬೇಸಗೆಯೊಳಗೆ ಉತ್ತರದ ಬಯಲು ಸೇರಿತು. ದಕ್ಷಿಣದ ಎಷ್ಟೋ ಹೊಲಗಳಲ್ಲಿ ಅರ್ಧ ಬೆಳೆ, ಕೆಲವೆಡೆ ಪೂರ್ತಿ ಬೆಳೆ ಹೋಯಿತು. ರಾಷ್ಟ್ರದ ಸರಾಸರಿ ಇಳುವರಿ ಹಿಂದಿನ ವರ್ಷದ 86 ಬುಷೆಲ್‌ನಿಂದ 72ಕ್ಕೆ ಬಿತ್ತು. ಮರುವರ್ಷ ಬೀಜದ ಹೊಲಗಳಲ್ಲಿ ಸೂಲಂಗಿ ಕೀಳುವ ಆಳುಗಳು ಮತ್ತೆ ಕಂಡರು.

ಈ ಕಥೆಯಲ್ಲಿ ನನ್ನ ಗಮನ ಇರುವುದು ಬೀಜದ ಏಕರೂಪತೆಯ ಮೇಲಷ್ಟೇ ಅಲ್ಲ, ರೋಗ ಪಯಣಿಸಿದ ದಿಕ್ಕಿನ ಮೇಲೆ. ಚಳಿಗೆ ಸಾಯುವ ರೋಗವೂ ಕೀಟವೂ ದಕ್ಷಿಣದ ಬೆಚ್ಚನೆಯ ಅಂಚಿನಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಉತ್ತರಕ್ಕೆ ಹೊರಡುತ್ತವೆ. ಫಾಲ್ ಸೈನಿಕ ಹುಳು ಚಳಿಗಾಲ ಬದುಕುಳಿಯುವುದು ದಕ್ಷಿಣ ಫ್ಲೋರಿಡಾ ಮತ್ತು ದಕ್ಷಿಣ ಟೆಕ್ಸಾಸ್‌ನಲ್ಲಿ ಮಾತ್ರ. ಎಲೆಯ ಮೇಲ್ಮೈಯಲ್ಲಿ ಕಿತ್ತಳೆ ಪುಡಿಯಂತೆ ಏಳುವ ದಕ್ಷಿಣದ ತುಕ್ಕು ರೋಗದ ಬೀಜಕಣಗಳು ಇನ್ನೂ ಕೆಳಗಿನಿಂದ, ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಕಡೆಯಿಂದ, ಗಾಳಿಯಲ್ಲಿ ಬರುತ್ತವೆ. ಕಾಲ ಸರಿದಂತೆ ಇವೆಲ್ಲ ತಲೆಮಾರಿನ ಮೇಲೆ ತಲೆಮಾರು ಹೆಚ್ಚುತ್ತಾ ಹೋಗುತ್ತವೆ. ಮಾರ್ಚ್‌ನಲ್ಲಿ ಬಿತ್ತಿದ ಬೆಳೆಗೆ ತುಕ್ಕು ತಗಲುವಷ್ಟರಲ್ಲಿ ಕಾಳು ಹಾಲುದುಂಬಿ ಗಟ್ಟಿಯಾಗುತ್ತಿರುತ್ತದೆ, ಔಷಧಿ ಹೊಡೆಯದಿದ್ದರೂ ನಡೆದೀತು. ಮೇ ತಿಂಗಳಲ್ಲಿ ಬಿತ್ತಿದ್ದಕ್ಕೆ ಸೂಲಂಗಿಗೆ ಮುನ್ನವೇ ತಗಲುತ್ತದೆ. ಶಾಖದ ಲೆಕ್ಕ ಹೇಳಿದ ಮಾತನ್ನೇ ರೋಗದ ಲೆಕ್ಕವೂ ಹೇಳುತ್ತದೆ.

ಕೀಟಗಳಲ್ಲಿ ಒಂದು ಸೂಕ್ಷ್ಮವನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ. ತೆನೆಯ ತುದಿ ಕೊರೆಯುವ ಹುಳುವೂ ಹತ್ತಿಯ ಕಾಯಿ ಕೊರೆಯುವ ಹುಳುವೂ ಅಲ್ಲಿ ಒಂದೇ. ಜೂನ್‌ನಲ್ಲಿ ಮೆಕ್ಕೆಜೋಳದ ತೆನೆಯಲ್ಲಿ ಬೆಳೆದ ಪೀಳಿಗೆ ಜುಲೈನಲ್ಲಿ ಪಕ್ಕದ ಹತ್ತಿಗೆ ಹೋಗುತ್ತದೆ. 1996ರಿಂದ ಬಂದ ಬಿಟಿ ತಳಿಗಳಲ್ಲಿ, ಮೆಕ್ಕೆಜೋಳಕ್ಕೂ ಹತ್ತಿಗೂ ಹೆಚ್ಚುಕಡಿಮೆ ಒಂದೇ ಬಗೆಯ ವಿಷಗಳಿರುವುದರಿಂದ, ಹುಳುವಿಗೆ ಒಂದೇ ವರ್ಷದಲ್ಲಿ ಎರಡು ಬಾರಿ ಒಂದೇ ಪಾಠ. ಪ್ರತಿರೋಧ ಬೆಳೆಯದಿರಲೆಂದು ಬಿಟಿ ಅಲ್ಲದ ಗಿಡಗಳನ್ನು ಆಸರೆ ಹೊಲವಾಗಿ ಬಿಡಬೇಕೆಂಬ ನಿಯಮ ಎಲ್ಲೆಡೆ ಇದೆ. ಒಂದೇ ವಿಷವಿರುವ ತಳಿಗೆ ಉತ್ತರದ ಮೆಕ್ಕೆಜೋಳದ ಬಯಲಿನಲ್ಲಿ ಅದು ಶೇಕಡಾ 20 ಆದರೆ ಹತ್ತಿ ಬೆಳೆಯುವ ರಾಜ್ಯಗಳಲ್ಲಿ ಶೇಕಡಾ 50. ಎರಡು ಮೂರು ವಿಷ ಸೇರಿದ ತಳಿಗೆ ಉತ್ತರದಲ್ಲಿ 5, ಹತ್ತಿಯ ರಾಜ್ಯಗಳಲ್ಲಿ 20. ರೈತರು ಇದನ್ನು ಅನ್ಯಾಯವೆಂದು ಗೊಣಗುತ್ತಾರೆ. ಗೊಣಗುವುದರಲ್ಲಿ ಹುರುಳಿದೆ, ಆದರೆ ಹುಳುವಿನ ಕಡೆಯಿಂದ ನೋಡಿದರೆ ನಿಯಮ ಸರಿಯಾಗಿಯೇ ಇದೆ.

ಈಗ ದಕ್ಷಿಣದ ಮೆಕ್ಕೆಜೋಳದ ನಿಜವಾದ ಶಾಪಕ್ಕೆ ಬರೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಾರಣ ತಿಳಿಯದೆ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದಾಗ ಮೇವಿನ ಶೇಂಗಾ ಹಿಂಡಿಯಲ್ಲಿದ್ದ ಬೂಷ್ಟು ಸಿಕ್ಕಿತು, ಅದು ಉಗುಳುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಅದೇ ಬೂಷ್ಟು ಮೆಕ್ಕೆಜೋಳದ ರೇಷ್ಮೆ ಎಳೆಗಳ ಮೂಲಕ, ಹುಳು ಕೊರೆದ ತೂತುಗಳ ಮೂಲಕ ತೆನೆಗೆ ಇಳಿಯುತ್ತದೆ. ಹಳದಿ-ಹಸಿರು ಪುಡಿಯಂತೆ ತುದಿಯ ಕಾಳುಗಳ ನಡುವೆ ಕಾಣುತ್ತದೆ, ಎಷ್ಟೋ ಸಲ ಕಣ್ಣಿಗೆ ಕಾಣುವುದೂ ಇಲ್ಲ. ಕಾಳು ತುಂಬುವಾಗ ಬಿಸಿಲೂ ಬರವೂ ಕೂಡಿದ ವರ್ಷ ಅದಕ್ಕೆ ಹಬ್ಬ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಿತಿಯಂತೆ ಮನುಷ್ಯರ ಆಹಾರಕ್ಕೂ ಹಾಲು ಕೊಡುವ ಹಸುವಿನ ಮೇವಿಗೂ ಹೋಗುವ ಕಾಳಿನಲ್ಲಿ ನೂರು ಕೋಟಿ ಭಾಗಕ್ಕೆ 20 ಭಾಗ ದಾಟುವಂತಿಲ್ಲ. ಮಾಂಸಕ್ಕೆಂದು ಕೊನೆಯ ಹಂತದಲ್ಲಿ ಕೊಬ್ಬಿಸುವ ದನಗಳಿಗೆ 300ರವರೆಗೆ ನಡೆಯುತ್ತದೆ. ಲಾರಿ ತೂಕದ ಸೇತುವೆಯ ಮೇಲೆ ನಿಂತಾಗ ಟೊಳ್ಳು ಸರಳೊಂದನ್ನು ಕಾಳಿನೊಳಗೆ ಚುಚ್ಚಿ ಮಾದರಿ ತೆಗೆದು ನೋಡುತ್ತಾರೆ. ಒಂದು ಲಾರಿಯಲ್ಲಿ ವಿಷ ತುಂಬಿದ ಹತ್ತಾರು ಕಾಳು ಒಂದೇ ಮೂಲೆಯಲ್ಲಿರಬಹುದು, ಸರಳು ಆ ಮೂಲೆಗೆ ಹೋಗಬಹುದು, ಹೋಗದಿರಬಹುದು. ಒಂದೇ ಲಾರಿ ಒಂದು ಕಡೆ ತಿರಸ್ಕೃತವಾಗಿ ಇನ್ನೊಂದು ಕಡೆ ಸ್ವೀಕೃತವಾದದ್ದನ್ನು ನಾನೇ ಕಂಡಿದ್ದೇನೆ, ಮೋಸವೇನೂ ಇರಲಿಲ್ಲ.

ಇದಕ್ಕೆ ಬಂದಿರುವ ಮದ್ದು ಕುತೂಹಲದ್ದು. ಆ ಬೂಷ್ಟಿನಲ್ಲೇ ವಿಷ ಮಾಡದ ವಂಶಗಳುಂಟು. ಅವನ್ನು ಕಾಳುಗಳ ಮೇಲೆ ಲೇಪಿಸಿ, ಸೂಲಂಗಿಗೆ ಮುನ್ನ ಹೊಲದಲ್ಲಿ ಎರಚಿದರೆ, ಅವು ಮೊದಲೇ ಜಾಗ ಹಿಡಿದು ವಿಷದ ವಂಶಕ್ಕೆ ಎಡೆಯಿಲ್ಲದಂತೆ ಮಾಡುತ್ತವೆ. ಜಾರ್ಜಿಯಾದ ಡಾಸನ್‌ನಲ್ಲಿರುವ ಸರ್ಕಾರಿ ಶೇಂಗಾ ಸಂಶೋಧನಾಲಯದಿಂದ ಬಂದ ಆಫ್ಲಾ-ಗಾರ್ಡ್ ಇಂಥದ್ದು. ಬರ ಬರುತ್ತದೋ ಇಲ್ಲವೋ ತಿಳಿಯದ ಹೊತ್ತಿನಲ್ಲೇ ಹಣ ಹಾಕಬೇಕಾದ್ದರಿಂದ ವಿಮೆಯ ಕಂತಿನಂತೆ ಅದನ್ನು ನೋಡುವವರು ಹೆಚ್ಚು.

ಕೊಯ್ಲನ್ನೂ ಇದೇ ಭಯ ಆಳುತ್ತದೆ. ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡರೆ ಅದು ಬಲಿತಿದೆ ಎಂದರ್ಥ, ಆಗ ತೇವಾಂಶ ಶೇಕಡಾ 30ರಿಂದ 35 ಇರುತ್ತದೆ. ಹೊಲದಲ್ಲೇ 15ಕ್ಕೆ ಒಣಗಲಿ ಎಂದು ಬಿಟ್ಟರೆ ಒಣಗಿಸುವ ಖರ್ಚು ಉಳಿಯುತ್ತದೆ, ಆದರೆ ಸೆಕೆಯಲ್ಲಿ ನಿಂತ ಪ್ರತಿ ದಿನವೂ ಬೂಷ್ಟಿನ ದಿನ. ಅದಕ್ಕೆ 20ರ ಆಸುಪಾಸಿನಲ್ಲೇ ಕೊಯ್ದು ಒಂದೆರಡು ದಿನದೊಳಗೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಯಂತ್ರದ ಫ್ಯಾನನ್ನು ತುಸು ಜೋರಾಗಿಟ್ಟು ಹಗುರ ಕಾಳನ್ನು ಹೊಲಕ್ಕೇ ತೂರಿಬಿಡುವುದೂ ಉಂಟು, ಏಕೆಂದರೆ ವಿಷ ಹೆಚ್ಚಾಗಿರುವುದು ಮುರಿದ, ಜಳ್ಳಾದ ಕಾಳುಗಳಲ್ಲಿ.

ಜುಲೈ, ಆಗಸ್ಟ್‌ನಲ್ಲಿ ಕೊಯ್ದ ಕಾಳಿಗೆ ಮಾರುಕಟ್ಟೆಯ ಒಂದು ಅನುಕೂಲವೂ ಇದೆ. ಬ್ರಾಯ್ಲರ್ ಕೋಳಿಯಲ್ಲಿ ದೇಶಕ್ಕೇ ಮೊದಲ ಸಾಲಿನಲ್ಲಿರುವ ಜಾರ್ಜಿಯಾ ತಾನು ಬೆಳೆದ ಮೆಕ್ಕೆಜೋಳದಿಂದ ತನ್ನ ಕೋಳಿಗಳನ್ನು ಸಾಕಲಾರದು. ಉತ್ತರದಿಂದ ರೈಲು ತುಂಬಿ ಬರುತ್ತದೆ. ಉತ್ತರದ ಹೊಸ ಬೆಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಹಳೆಯದು ತೀರುತ್ತಿರುವ, ಹೊಸದು ಬಾರದ ಆ ಆರೇಳು ವಾರ ಪಕ್ಕದ ಊರಿನ ಕಾಳಿಗೆ ರೈಲಿನ ಬಾಡಿಗೆ ಉಳಿಯುತ್ತದೆ, ಆ ಉಳಿತಾಯದ ಒಂದು ಭಾಗ ಷಿಕಾಗೊದ ಧಾನ್ಯ ಮಾರುಕಟ್ಟೆಯ ಧಾರಣೆಯ ಮೇಲೆ ಹೆಚ್ಚುವರಿಯಾಗಿ ರೈತನ ಕೈಗೆ ಬರುತ್ತದೆ. ಚಂಡಮಾರುತದ ಕಾಲ ಸೆಪ್ಟೆಂಬರ್ ನಡುವೆ ಉಚ್ಛ್ರಾಯಕ್ಕೆ ಹೋಗುವುದರೊಳಗೆ ಹೊಲ ಖಾಲಿಯಾಗಿರುವುದೂ ಸಣ್ಣ ಮಾತಲ್ಲ. 2018ರ ಅಕ್ಟೋಬರ್ 10ರಂದು ಮೈಕೆಲ್ ಚಂಡಮಾರುತ ನೈರುತ್ಯ ಜಾರ್ಜಿಯಾವನ್ನು ಹಾದುಹೋದಾಗ ಬಿರಿದು ನಿಂತಿದ್ದ ಹತ್ತಿ ನೆಲಕಚ್ಚಿತು, ಪಿಕಾನ್ ಮರಗಳು ಬುಡಮೇಲಾದವು. ಮೆಕ್ಕೆಜೋಳ ಅಷ್ಟರಲ್ಲಿ ಕಣಜ ಸೇರಿತ್ತು.

ಫ್ಲೋರಿಡಾದ ಸಿಹಿ ಮೆಕ್ಕೆಜೋಳವನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ಒಕಿಚೋಬಿ ಸರೋವರದ ದಕ್ಷಿಣಕ್ಕಿರುವ ಕಪ್ಪು ಜವುಗು ಮಣ್ಣಿನಲ್ಲಿ ಇದನ್ನು ಬೆಳೆಯುತ್ತಾರೆ. ಅಲ್ಲಿ ಕ್ಯಾಲೆಂಡರೇ ತಲೆಕೆಳಗು: ಬಿತ್ತನೆ ಬೇಸಗೆಯ ಕೊನೆಗೆ ಆರಂಭವಾಗಿ ಚಳಿಗಾಲವಿಡೀ ಕಂತು ಕಂತಾಗಿ ನಡೆಯುತ್ತದೆ, ಏಪ್ರಿಲ್, ಮೇನಲ್ಲಿ ಕೊಯ್ಲು ಉಕ್ಕಿ ಹರಿಯುತ್ತದೆ, ನಡುಬೇಸಗೆಯಲ್ಲಿ ಹೊಲ ಖಾಲಿ. ಬಿಸಿ ನಾಡಿನ ಈ ಗಿಡವನ್ನು ದೇಶದ ಅತಿ ಬಿಸಿಯ ಮೂಲೆಯಲ್ಲಿ ಚಳಿಗಾಲದಲ್ಲಿ ಬೆಳೆಯುತ್ತಾರೆ ಎಂಬುದೇ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಸಾಕ್ಷಿ. ಕಿತ್ತ ತೆನೆಯ ಸಕ್ಕರೆ ಬಿಸಿಲಿನಲ್ಲಿ ಗಂಟೆಗಂಟೆಗೂ ಪಿಷ್ಟವಾಗುವುದರಿಂದ, ಕೊಯ್ದೊಡನೆ ಹಿಮದಷ್ಟು ತಣ್ಣನೆಯ ನೀರಿನಲ್ಲಿ ತೋಯಿಸಿ ಲಾರಿ ಹತ್ತಿಸುತ್ತಾರೆ. 1950ರ ದಶಕದಲ್ಲಿ ಇಲಿನಾಯ್ಸ್‌ನ ಜಾನ್ ಲಾಫ್ನನ್ ಗುರುತಿಸಿದ ಸೂಪರ್‌ಸ್ವೀಟ್ ಗುಣ ಬಂದ ಮೇಲೆ ಸಕ್ಕರೆ ಹಲವು ದಿನ ಉಳಿಯುವಂತಾಗಿ, ದೂರದ ಉತ್ತರದ ಊರುಗಳ ಮಾರುಕಟ್ಟೆ ತೆರೆಯಿತು. ಒಣಗಿದ ಬೀಜ ಮಾತ್ರ ಸುಕ್ಕುಸುಕ್ಕಾಗಿ, ಒಳಗೆ ಹೆಚ್ಚು ಸರಕಿಲ್ಲದೆ ಇರುತ್ತದೆ. ತಣ್ಣನೆಯ ಮಣ್ಣಿನಲ್ಲಿ ಮೊಳೆಯಲು ಅದಕ್ಕೆ ಕಸುವು ಸಾಲದು. ಪಕ್ಕದಲ್ಲಿ ಮೇವಿನ ಮೆಕ್ಕೆಜೋಳ ಅದೇ ಹೊತ್ತಿಗೆ ಸೂಲಂಗಿ ಬಿಟ್ಟರೆ, ಅದರ ಪರಾಗ ಬಿದ್ದ ಕಾಳು ಸಿಹಿಯಾಗದೆ ಹಿಟ್ಟಾಗುತ್ತದೆ.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು: ಜುಲೈಗೇ ಹೊಲ ಖಾಲಿಯಾಗುವುದಾದರೆ, ಮಂಜು ಬೀಳಲು ನವೆಂಬರ್‌ವರೆಗೂ ಸಮಯವಿರುವಾಗ, ಅದೇ ಹೊಲದಲ್ಲಿ ಎರಡನೆಯ ಮೆಕ್ಕೆಜೋಳ ಏಕೆ ಬೆಳೆಯಬಾರದು? ಬೆಳೆಯಬಹುದು, ಬೆಳೆದವರೂ ಇದ್ದಾರೆ. ಆದರೆ ಆ ಬೆಳೆಗೆ ಎಳೆಯ ಸುಳಿಯಿಂದಲೇ ಸೈನಿಕ ಹುಳು, ಎಲೆ ಬಿಚ್ಚುವಷ್ಟರಲ್ಲಿ ತುಕ್ಕು, ತೆನೆಗೆ ಕೊರೆಯುವ ಹುಳು ಕಾದು ಕೂತಿರುತ್ತವೆ. ಸೆಪ್ಟೆಂಬರ್‌ನ ಹಗಲು ಗಿಡ್ಡವಾಗುತ್ತಾ ಬಂದು ಕಾಳು ತುಂಬಲು ಬಿಸಿಲೂ ಸಾಲದು. ಹಾಗಾಗಿ ಕಾಳಿಗೆಂದು ಬಿತ್ತಿದವರು ಸಾಮಾನ್ಯವಾಗಿ ಕೈ ಸುಟ್ಟುಕೊಳ್ಳುತ್ತಾರೆ. ಹಸು ಸಾಕುವವರ ಲೆಕ್ಕ ಬೇರೆ. ಅವರು ತುಕ್ಕನ್ನೂ ಹುಳುವನ್ನೂ ತಕ್ಕಮಟ್ಟಿಗೆ ತಡೆಯುವ ಉಷ್ಣವಲಯದ ತಳಿಗಳನ್ನು ಬಿತ್ತಿ, ಕಾಳು ಪೂರ್ತಿ ಬಲಿಯುವುದಕ್ಕೆ ಕಾಯದೆ, ಗಿಡವನ್ನು ಇಡಿಯಾಗಿ ಕೊಚ್ಚಿ ಗುಂಡಿಯಲ್ಲಿ ಒತ್ತಿ ರಸಮೇವು ಮಾಡಿಟ್ಟುಕೊಳ್ಳುತ್ತಾರೆ.